ಮನೆಮನೆಗೂ ಬಂದ ಕರೆ

ಶನಿವಾರ ಬೆಳಿಗ್ಗೆ ಮಂಡ್ಯದ ಗುತ್ತಲಿನ ಮನೆಯ ಜಗಲಿಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಸೌಮ್ಯ ‘ಹುಳದ ಮನೆ’ಯನ್ನು ತೆರೆದಾಗ, ಹೊತ್ತು ಮೂಡುವ ಮೊದಲೇ ಯಾರೋ ಒಳನುಗ್ಗಿ ಕೋಣೆಕೋಣೆಯಲ್ಲೂ ಓಡಾಡಿದ ಗುರುತು ಕಂಡಿತು.

‘ಹುಳದ ಮನೆ’ ಇಟ್ಟಿಗೆಯ ಮನೆಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ರೇಷ್ಮೆ ಬೆಳೆಗಾರರು ತಮ್ಮ ಸಂದೇಹಗಳನ್ನು ಬರೆದು ಕೇಳುವ, ತಿಳಿದವರು ಉತ್ತರ ಬರೆಯುವ ಅಂತರ್ಜಾಲದ ವೇದಿಕೆ. ಮದ್ದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಸಿದ್ದೇಶ್ ಅದನ್ನು ಕಟ್ಟಿದವನು. ಅವನ ಚಿಕ್ಕಪ್ಪನ ಮಗಳಾದ ಸೌಮ್ಯ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಮಂಡ್ಯದ ಮಣ್ಣು ಪರೀಕ್ಷಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬಿಡುವಿನಲ್ಲಿ ವೇದಿಕೆಯ ಕಸ ಗುಡಿಸುವುದು ಅವಳ ಪಾಲಿಗೆ ಬಂದಿತ್ತು.

ಕಸಕ್ಕೆ ಕೊರತೆಯಿರಲಿಲ್ಲ. ಕೂತಲ್ಲೇ ಲಕ್ಷ ಗಳಿಸುವ ಆಟಗಳು, ಒಂದೇ ಗಳಿಗೆಯಲ್ಲಿ ಸಾಲ ಕೊಡುವವರು, ಮಂಡಿ ನೋವಿನ ಎಣ್ಣೆ ಮಾರುವವರು ಕರೆಯದೆಯೇ ಬಂದು ರೈತರ ಮಾತಿನ ನಡುವೆ ಕೂರುತ್ತಿದ್ದರು. ಸೌಮ್ಯ ಮೊದಮೊದಲು ಅವರನ್ನು ನಿಧಾನವಾಗಿಯೇ ಹೊರಗಟ್ಟುತ್ತಿದ್ದಳು. ಆಮೇಲೆ ಗೂಡಿನ ತೂಕವನ್ನು ಎರಡು ಪಟ್ಟು ಮಾಡುವ ಪುಡಿಯೊಂದರ ಜಾಹೀರಾತು ಬಂತು. ಮದ್ದೂರಿನ ಕಡೆಯ ಸೋಮಮ್ಮ ಎಂಬಾಕೆ ಅದನ್ನು ನಂಬಿ ಪುಡಿ ತರಿಸಿ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಉದುರಿಸಿ ಹುಳುಗಳಿಗೆ ಕೊಟ್ಟರು. ಹುಳುಗಳೆಲ್ಲ ಕಪ್ಪಾಗಿ ಸತ್ತವು. ಆಕೆ ಯಾರನ್ನೂ ಬಯ್ಯಲಿಲ್ಲ. ‘ಇಲ್ಲಿ ನೋಡೇ ತರಿಸಿದ್ದು’ ಎಂದಷ್ಟೇ ಬರೆದರು.

ಆ ಒಂದು ಸಾಲನ್ನು ಓದಿದ ವಾರವೇ ಸೌಮ್ಯ ನಿಯಮಗಳ ಪುಟವೊಂದನ್ನು ಬರೆದಳು. ಹೊಸ ಸದಸ್ಯರೊಬ್ಬರು ಫೋನ್ ನಂಬರನ್ನೋ ಕೊಂಡಿಯನ್ನೋ ಚಿತ್ರವನ್ನೋ ಸೇರಿಸಿ ಒಂದೇ ಬರಹವನ್ನು ಹಲವು ಕಡೆ ಅಂಟಿಸಿದರೆ ಯಂತ್ರವೇ ಅವುಗಳನ್ನು ಹಿಡಿದು, ಬರೆದವರಿಗೂ ತಿಳಿಯದಂತೆ ಬುಟ್ಟಿಗೆ ಹಾಕಬೇಕು. ಹಳೆಯ ಸದಸ್ಯರು ಹಾಗೆ ಮಾಡಿದರೆ ಖಾತೆಗೇ ಬೀಗ ಬೀಳಬೇಕು. ಬುಟ್ಟಿಯಿಂದ ಅಳಿಸಿದ್ದು ಮತ್ತೆ ಬರಬಾರದು. “ನಮ್ಗಾದ್ರೂ ಒಸಿ ಮಾಫಿ ಇರ್ಲಿ ಕಣಮ್ಮಿ” ಎಂದು ಸಿದ್ದೇಶ್ ಕೇಳಿದ್ದಕ್ಕೆ, “ನಿಜವಾದ ಹುಳದ ಮನೆಗೆ ಯಜಮಾನನೂ ಕಾಲು ತೊಳ್ಕೊಂಡೇ ಹೋಗ್ತಾನಲ್ಲಣ್ಣ?” ಎಂದು ಬಾಯಿ ಮುಚ್ಚಿಸಿದ್ದಳು.

ಈ ದಿನ ಬುಟ್ಟಿ ತುಂಬಿತ್ತು. ‘ಸದಸ್ಯ ೪೧೨’ ಎಂದು ಯಂತ್ರವೇ ಹೆಸರಿಟ್ಟ, ಚಿತ್ರವಿಲ್ಲದ, ಹೊಚ್ಚ ಹೊಸ ಖಾತೆ. ಬುಟ್ಟಿಯ ಪಟ್ಟಿಯಲ್ಲಿ ಪ್ರತಿ ಬರಹದ ಮೊದಲ ಸಾಲಷ್ಟೇ ಕಾಣುತ್ತಿತ್ತು: ಒಂದು ಹೆಸರು, ಅದರ ಹಿಂದೆಯೇ ಉದ್ದನೆಯ ಕೊಂಡಿ. ರಾಜೇಂದ್ರಣ್ಣ, ಕೊಂಡಿ. ಸೋಮಮ್ಮಕ್ಕ, ಕೊಂಡಿ. ಮುದ್ದಮ್ಮವ್ವ, ಕೊಂಡಿ. ಈಚೆಗೆ ವಂಚಕರು ಓದುಗರ ಹೆಸರು ಹಿಡಿದೇ ಕರೆಯುವುದನ್ನು ಕಲಿತಿದ್ದರು. ಅಣ್ಣ, ಅಕ್ಕ ಎಂದು ಸೇರಿಸಿದ್ದು ಅವರ ಹೊಸ ಜಾಣತನವೆಂದುಕೊಂಡು ಸೌಮ್ಯ ಹುಬ್ಬು ಗಂಟಿಕ್ಕಿದಳು. ತನ್ನ ರೂಢಿಯಂತೆ ಮಾದರಿಗೆಂದು ಒಂದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನೆಲ್ಲ ಅಳಿಸಿದಳು.

ಗುಡಿಸಿದ ಮೇಲೆ ಮೂಲೆಗಳನ್ನು ಕಣ್ಣಿಂದ ನೋಡದೆ ಏಳುವವಳಲ್ಲ ಅವಳು. ಪ್ರತಿ ಚರ್ಚೆಯನ್ನೂ ತೆರೆದು ಏನಾದರೂ ಉಳಿದಿದೆಯೇ ಎಂದು ನೋಡುತ್ತ ಹೋದಳು. ಎಲ್ಲಿಯೂ ಇರಲಿಲ್ಲ. ಕೊನೆಗೆ ಮರಿಸಿದ್ದಯ್ಯ ಎಂಬವರ ಚರ್ಚೆಗೆ ಬಂದಳು. ಹೋದ ವಾರ ಅವರು ಬರೆದಿದ್ದರು: ತಾಯಿ ತೀರಿಕೊಂಡರು, ಈ ಸಲ ನಾವು ಹುಳು ಸಾಕುವುದಿಲ್ಲ, ಸೊಪ್ಪು ಚೆನ್ನಾಗಿ ಬಂದಿದೆ, ಬೇಕಾದವರು ಕುಯ್ದುಕೊಂಡು ಹೋಗಿ. ಆ ಸಾವಿನ ಸುದ್ದಿಯ ಕೆಳಗೂ ಸಾಲದವರು, ಎಣ್ಣೆಯವರು ಬಂದು ಕೂತಿದ್ದರು. ಸೌಮ್ಯ ಕೈಯಾರೆ ತೆಗೆದಿದ್ದಳು. ಇಂದು ಅಲ್ಲಿ ‘ಸದಸ್ಯ ೪೧೨’ರ ಬೇರೆಯದೇ ಒಂದು ಬರಹವಿತ್ತು. ಅದರಲ್ಲಿ ಕೊಂಡಿ ಇರಲಿಲ್ಲ, ನಂಬರೂ ಇರಲಿಲ್ಲ. ಹಾಗಾಗಿ ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ.

‘ಮರಿಸಿದ್ದಯ್ಯಣ್ಣ ನಿಮ್ಮನೇಲಿ ಸೂತಕ ಅಂತ ಕಂಡೆ. ಎಲ್ರೂನೂ ಕರ್ಕಂಡ್ ಬತ್ತಿವ್ನಿ ನಿಮ್ಮ ಕರೆಯಂಗಿಲ್ಲ. ಬೇಜಾರ್ ಮಾಡ್ಕಬೇಡಿ. ತಾಯಿ ಒಳ್ಳೆ ಕಡೆ ಓಗ್ಲಿ.’

ಸೌಮ್ಯ ಅದನ್ನು ಎರಡು ಸಲ ಓದಿದಳು. ಅವಳು ಅಳಿಸಿದ ನೂರಾರು ವಂಚಕರಲ್ಲಿ ಸಾವಾದ ಮನೆಯ ಬಾಗಿಲು ಕಂಡು ಹಿಂದೆ ಸರಿದವನು ಒಬ್ಬನೂ ಇರಲಿಲ್ಲ. ಕಾಫಿ ಆರಿಹೋಗಿತ್ತು. ಮಾದರಿಗೆಂದು ಇಟ್ಟಿದ್ದ ಬರಹವನ್ನು ಅವಳು ಮೊದಲ ಬಾರಿಗೆ ಪೂರ್ತಿಯಾಗಿ ತೆರೆದಳು.

‘ರಾಜೇಂದ್ರಣ್ಣ’ ಎಂಬುದರ ಹಿಂದೆ ಇದ್ದ ಕೊಂಡಿ ಕಿರುಗಾವಲಿನ ಪಕ್ಕದ ಹಳ್ಳಿಯೊಂದರ ಮನೆಗೆ ದಾರಿ ತೋರಿಸುವ ನಕ್ಷೆ. ಅದರ ಕೆಳಗೆ: ‘ನಾಳೆ ಭಾನುವಾರ ನಮ್ಮನೇಲಿ ಉಳ ಅಣ್ಣಾಯ್ತವೆ. ಬಂದು ಒಸಿ ಕೈ ಆಕ್ಕೊಡ್ಬೇಕು. ಊಟ ನಮ್ಮನೇಲೇ. ಬಾಗ್ಲಿಗ್ ಬಂದ್ ಕರ್ದಿವ್ನಿ ಇಲ್ಲ ಅನ್ಬೇಡಿ. ಚಿಕ್ಕಬೋರಮ್ಮ.’ ಕೊನೆಯಲ್ಲಿ ಫೋನ್ ನಂಬರು.

ಹುಳು ಹಣ್ಣಾಗುವುದೆಂದರೇನೆಂದು ಸೌಮ್ಯಳಿಗೆ ಗೊತ್ತಿತ್ತು. ದೊಡ್ಡಪ್ಪನ ಮನೆಯಲ್ಲಿ ನೋಡಿಯೇ ಬೆಳೆದವಳು. ವಾರಗಟ್ಟಲೆ ಸೊಪ್ಪು ಮೇಯ್ದ ಹುಳು ಒಂದು ದಿನ ಮೇವು ಬಿಟ್ಟು ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಆ ಹೊತ್ತಿಗೆ ಸರಿಯಾಗಿ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ, ಹಳ್ಳಿಯವರು ಚಂದ್ರಂಕಿ ಎನ್ನುವ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದ ನಡುವೆಯೇ ನೂಲು ಸುತ್ತಿಕೊಂಡು ಇಡೀ ಬೆಳೆ ಹಾಳಾಗುತ್ತದೆ. ಅದು ಒಂದೆರಡು ಕೈಗಳ ಕೆಲಸವಲ್ಲ.

ಅವಳು ಆ ನಂಬರಿಗೆ ಫೋನು ಮಾಡಿದಳು.

“ಅಲೋ, ಯಾರು?”

“ನಾನು ಸೌಮ್ಯ ಅಂತ, ಹುಳದ ಮನೆಯಿಂದ ಮಾತಾಡ್ತಿದೀನಿ.”

“ನಾನೂ ಉಳದ್ ಮನೇಲೇ ಇವ್ನಿ ಕಣವ್ವ. ನೀ ಯಾರ್ ಮನೆಯವ್ಳು?”

“ಫೋನಲ್ಲಿ ಇದೆಯಲ್ಲಮ್ಮ, ಆ ಹುಳದ ಮನೆ.”

“ಅಯ್ಯೋ ನನ್ನವ್ವ! ಒಬ್ಳಾದ್ರೂ ಓಗೊಟ್ಯಲ್ಲ. ಕೋಳಿ ಕೂಗ್ದಾಗಿಂದ ಅಷ್ಟ್ ಬಾಗ್ಲು ತಟ್ಟಿವ್ನಿ, ಒಬ್ರೂ ಊಂ ಅನ್ನನಿಲ್ಲ, ಉಹೂಂ ಅನ್ನನಿಲ್ಲ. ಕರ್ದಿದ್ದೇ ತಪ್ಪಾಯ್ತೇನೋ ಅಂತಿದ್ದೆ.”

“ತಪ್ಪು ನಿಮ್ದಲ್ಲಮ್ಮ. ನೀವು ಕರೆದಿದ್ದು ಅವರಿಗೆ ಮುಟ್ಟೇ ಇಲ್ಲ. ಕಳ್ಳರು ಅಂದ್ಕೊಂಡು ನಾನೇ ಅಳಿಸಿಬಿಟ್ಟೆ.”

ಆ ಕಡೆಯಿಂದ ಗಂಟಲು ತುಂಬ ನಗು. “ಕಳ್ರು ಎಲ್ಲಾರ ಊಟಕ್ ಕರ್ದಾರಾ, ಉಚ್ಚಿ!”

“ಊರಲ್ಲಿ ಮುಯ್ಯಾಳು ಇಲ್ವಾ?” ಸೌಮ್ಯ ಕೇಳಿದಳು. ನಿಮ್ಮ ಮನೆಯ ಕೆಲಸಕ್ಕೆ ನಾವು, ನಮ್ಮ ಮನೆಯ ಕೆಲಸಕ್ಕೆ ನೀವು ಎನ್ನುವ ಆ ಮುಯ್ಯಿ ಇಲ್ಲದೆ ಆ ಕಡೆಯ ಹಳ್ಳಿಗಳಲ್ಲಿ ರೇಷ್ಮೆ ನಡೆಯುತ್ತಿರಲಿಲ್ಲ.

“ಇಲ್ದೇನವ್ವ? ಈ ಸಲ ಊರೋರೆಲ್ಲ ಒಂದೇ ದಿಸ ಮರಿ ಉಳ ತಂದೋ. ಎಲ್ರ ಮನೇಲೂ ನಾಳೀಕೇ ಅಣ್ಣು. ಯಾರ್ನ ಕರೀಲಿ? ನಮ್ಮನೇಲಿ ಎಲ್ಲಾ ಮಾಡೋಳು ನನ್ ಸೊಸೆ ಶ್ವೇತ. ಉಳ ತಂದ್ ಮೂರ್ ದಿಸಕ್ಕೆ ನೋವ್ ಬಂದ್ಬುಡ್ತು. ದಿನ ತುಂಬಿರ್ನಿಲ್ಲ. ಎಣ್ ಮಗ, ಬೊಗ್ಸೆಯಷ್ಟೈತೆ, ಮಂಡ್ಯದಲ್ಲಿ ಗಾಜಿನ್ ಪೆಟ್ಗೇಲಿ ಮಡ್ಗವ್ರೆ. ಮಗ ಸಂತೋಷನೂ ಅಲ್ಲೇ ಅವ್ನೆ, ಅವ್ನ ಕರೆಯಕ್ಕಾಯ್ತದಾ?”

“ಮಗು ಈಗ ಹೇಗಿದೆ?”

“ಚೆಂದಾಗೈತಂತೆ. ಬುಧವಾರ ಮನೀಗ್ ಕಳುಸ್ತಾರಂತೆ. ‘ಉಳಾನೆಲ್ಲ ತಿಪ್ಪೆಗೆ ಚೆಲ್ಬುಡತ್ತೆ, ನಿನ್ ಕೈಲಿ ಆಗಕಿಲ್ಲ’ ಅಂದ್ಲು ಆಸ್ಪತ್ರೆಗ್ ಓಗೋವಾಗ. ಅಳ್ತಾ ಅಂದ್ಲು. ಚೆಲ್ಲಾದಾ? ತಾಯಿ ಇಲ್ದ ಎಣ್ಣು ಅದು, ತವ್ರು ಅಂದ್ರೂ ನಾನೇಯ, ಅತ್ತೆ ಅಂದ್ರೂ ನಾನೇಯ. ಮಗೀನ ಎತ್ಕಂಡು ಒಸ್ಲು ದಾಟೋ ವೊತ್ಗೆ ಚಂದ್ರಂಕಿ ತುಂಬ ಗೂಡು ಇರ್ಬೇಕು ಅಂತ ನಂಗೆ. ಅಷ್ಟೇಯ. ಪುರುಡಿನ್ ಮೈಲ್ಗೆ ಕಳೀಲಿ ಅಂತ ಕಾದು, ಅವ್ಳು ಫೋನಲ್ಲಿ ಆಕ್ಕೊಟ್ಟಿದ್ದ ಇದ್ರಲ್ಲಿ ಬಾಯಲ್ ಯೋಳಿ ಬರುಸ್ದೆ.”

“ಅಮ್ಮ, ಮೇಲ್ಗಡೆ ಒಂದೇ ಕಡೆ ಹಾಕಿದ್ರೆ ಎಲ್ರಿಗೂ ಕಾಣ್ತಿತ್ತಲ್ಲ. ಯಾಕೆ ಒಬ್ಬೊಬ್ಬರ ಹತ್ರಾನೂ ಹೋದ್ರಿ?”

“ಇದೇನವ್ವ ಇಂಗಂತೀಯೆ! ಅರಳೀಕಟ್ಟೆ ಮ್ಯಾಲ್ ನಿಂತ್ಕಂಡು ‘ಎಲ್ರೂ ಬನ್ರಪ್ಪೋ’ ಅಂದ್ರೆ ಅದು ಕರ್ದಂಗಾ? ನಾಳೀಕೆ ಯಾರಾರ ‘ನಮ್ ಬಾಗ್ಲಿಗ್ ಬಂದಿದ್ದೇನೆ ನೀನು?’ ಅಂದ್ರೆ ನಾ ಏನನ್ಲಿ? ಮನೆಮನೆಗೂ ನಡ್ದು ಕರೀಬೇಕು. ಕಾಲ್ ಬದ್ಲು ಬೆಳ್ಳು ನಡೀತು, ಅಷ್ಟೇಯ.”

ಸೌಮ್ಯ ಫೋನಿಟ್ಟು ಸಿದ್ದೇಶನಿಗೆ ಕರೆ ಮಾಡಿದಳು.

“ಅಣ್ಣ, ಬುಟ್ಟಿಯಿಂದ ಅಳ್ಸಿದ್ದನ್ನ ವಾಪಸ್ ತರಕ್ಕಾಗುತ್ತಾ?”

“ಅಳ್ಸಿದ್ದು ಮತ್ತೆ ಬರ್ಕೂಡ್ದು ಅಂತ ಪಟ್ಟಾಗಿ ಕೂತಿದ್ದೋಳು ಯಾರಮ್ಮಿ? ಓಯ್ತು ಅದು, ಗಂಗೆ ಪಾಲು.” ವಿಷಯ ಕೇಳಿದ ಮೇಲೆ ಅವನ ದನಿ ಇಳಿಯಿತು. “ಅಂಗಾದ್ರೆ ಮ್ಯಾಲ್ಗಡೆ ಎಲ್ರಿಗೂ ಕಾಣಂಗೆ ಒಂದ್ ಪ್ರಕಟಣೆ ಆಕ್ಬುಡು. ಐದು ನಿಮ್ಷದ್ ಕೆಲ್ಸ.”

“ಅದು ಕಟ್ಟೆ ಮೇಲೆ ನಿಂತು ಕೂಗಿದಂಗೆ ಆಗುತ್ತೆ.”

“ಯಾವ್ ಕಟ್ಟೆ?”

“ಆಮೇಲೆ ಹೇಳ್ತೀನಿ. ನಾನೇ ಒಂದೊಂದು ಬಾಗಿಲಿಗೂ ಹೋಗ್ತೀನಿ.”

ಕೆಲಸ ಅವಳು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಯಾರನ್ನು ಅಣ್ಣ ಎನ್ನಬೇಕು, ಯಾರನ್ನು ಅವ್ವ ಎನ್ನಬೇಕು? ಚಿಕ್ಕಬೋರಮ್ಮ ಹಾಕಿದ್ದ ಸಂಬೋಧನೆಗಳೆಲ್ಲ ಬರಹಗಳ ಜೊತೆಯಲ್ಲೇ ಅಳಿಸಿಹೋಗಿದ್ದವು. ಒಬ್ಬೊಬ್ಬರ ವಯಸ್ಸು, ಊರು, ಸ್ಥಿತಿ ತಿಳಿಯಲು ಸೌಮ್ಯ ಅವರ ಮಾತುಗಳನ್ನು ಮೊದಲಿಂದ ಓದಬೇಕಾಯಿತು. ಎಷ್ಟೋ ತಿಂಗಳಿಂದ ಅವಳು ಇದೇ ಚರ್ಚೆಗಳನ್ನು ಗುಡಿಸಿದ್ದಳು. ಕಸವಿದೆಯೇ ಎಂದು ನೋಡಿದ್ದಳೇ ಹೊರತು ಅಲ್ಲಿ ಯಾರಿದ್ದಾರೆಂದು ನೋಡಿರಲಿಲ್ಲ. ಬಸರಾಳಿನ ರಾಜೇಂದ್ರ ಇರುವೆಯ ಕಾಟಕ್ಕೆ ಮದ್ದು ಕೇಳುತ್ತ ಕೇಳುತ್ತ, ‘ಇರುವೆಗಳೂ ಸಾಯಬಾರದು, ಅಂಥದ್ದು ಇದ್ದರೆ ಹೇಳಿ’ ಎಂದು ಸೇರಿಸಿದ್ದರು. ಮುದ್ದಮ್ಮ ಎಂಬ ಅಜ್ಜಿ ಪ್ರಶ್ನೆಯನ್ನೇ ಕೇಳದೆ, ತಮ್ಮ ಹುಳುಗಳು ಸೊಪ್ಪು ಮೇಯುವ ಸದ್ದನ್ನು ಮೊಮ್ಮಗಳಿಂದ ಹಿಡಿಸಿ ಹಾಕಿದ್ದರು. ಹದವಾದ ಮಳೆಯಂಥ ಸದ್ದು. ಸೌಮ್ಯ ಅದನ್ನು ಪೂರ್ತಿ ಕೇಳಿ, ‘ಮುದ್ದಮ್ಮಜ್ಜಿ’ ಎಂದು ಬರೆದಳು.

ಸೋಮಮ್ಮನ ಬಾಗಿಲಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ‘ಇಲ್ಲಿ ನೋಡೇ ತರಿಸಿದ್ದು’ ಎಂಬ ಸಾಲು ಇನ್ನೂ ಅಲ್ಲೇ ಇತ್ತು. ಇಲ್ಲಿಂದ ಬಂದದ್ದನ್ನು ನಂಬಿ ಕೆಟ್ಟವರನ್ನು ಮತ್ತೆ ಇಲ್ಲಿಂದಲೇ ಹೇಗೆ ಕರೆಯುವುದು? ಕೊನೆಗೆ, ‘ಸೋಮಮ್ಮಕ್ಕ, ಇದು ನಿಜವಾದ ಕರೆ. ನಾನು ಅವರ ಹತ್ತಿರ ಮಾತಾಡಿದ್ದೇನೆ. ನಾನೂ ಹೋಗುತ್ತಿದ್ದೇನೆ’ ಎಂದು ಬರೆದು, ಕೆಳಗೆ ಚಿಕ್ಕಬೋರಮ್ಮನ ಮಾತು, ಕೊಂಡಿ, ನಂಬರು ಸೇರಿಸಿ ಕಳಿಸಿದಳು.

ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಮೂಡಿತು. ‘ನೀವು ಒಂದೇ ಬರಹವನ್ನು ಹಲವು ಕಡೆ ಹಾಕುತ್ತಿದ್ದೀರಿ. ನಿಮ್ಮ ಖಾತೆಗೆ ಬೀಗ ಹಾಕಲಾಗಿದೆ.’ ವಾಕ್ಯ ಅವಳದೇ; ಸ್ಪಷ್ಟವಾಗಿರಲೆಂದು ಮೂರು ಸಲ ತಿದ್ದಿ ಬರೆದದ್ದು.

ಫೋನು ಬಡಿದುಕೊಂಡಿತು. ಸಿದ್ದೇಶ್ ನಗು ತಡೆಯಲಾಗದೆ ಏದುಸಿರು ಬಿಡುತ್ತಿದ್ದ. “ಯಾವ್ನೋ ಕಳ್ಳ ಸಿಕ್ಬಿದ್ದವ್ನೆ ಅಂತ ನಂಗೆ ಸುದ್ದಿ ಬಂತು ಕಣಮ್ಮಿ. ಓಡ್ಬಂದು ನೋಡುದ್ರೆ ನೀನು! ಕಾಲ್ ತೊಳ್ಕಂಡಿರ್ನಿಲ್ವಾ?”

“ಬೇಗ ಬೀಗ ತೆಗಿ ಅಣ್ಣ, ಇನ್ನೂ ಅರ್ಧ ಊರು ಇದೆ.”

“ತಗೀತೀನಿ, ತಗೀತೀನಿ. ಮೊದ್ಲು ‘ತಪ್ಪಾಯ್ತು ಸ್ವಾಮಿ’ ಅನ್ನು.”

“ತಪ್ಪಾಯ್ತು ಸ್ವಾಮಿ.”

“ಆಂ, ಅಂಗ್ ಬಾ ದಾರೀಗೆ.”

ಸಂಜೆಯವರೆಗೂ ಹಾಗೆಯೇ ನಡೆಯಿತು. ಅವಳು ನಾಲ್ಕು ಬಾಗಿಲು ತಟ್ಟುವುದು, ಯಂತ್ರ ಅವಳನ್ನು ಹಿಡಿಯುವುದು, ಸಿದ್ದೇಶ್ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಬೀಗ ತೆಗೆಯುವುದು. ಸೂತಕದ ಮನೆಯನ್ನು ಅವಳೂ ಬಿಟ್ಟಳು. ಉತ್ತರ ಬರೆದವರು ಕೆಲವರೇ: ತಮ್ಮ ಮನೆಯಲ್ಲೂ ಹುಳು ಹಣ್ಣಾಗಿದೆಯೆಂದು ಇಬ್ಬರು, ದೂರವಾಯಿತೆಂದು ಒಬ್ಬರು. ಬರುತ್ತೇನೆಂದು ಯಾರೂ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಕಿರುಗಾವಲಿನಲ್ಲಿ ಇಳಿದು, ಆಟೋ ಹಿಡಿದು ಸೌಮ್ಯ ಆ ಮನೆ ತಲುಪಿದಾಗ, ಹುಳದ ಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತೊಟ್ಟಿಯಿತ್ತು. ಅದರ ಆಚೆ ಕುಳ್ಳಗಿನ, ಸೀರೆಯನ್ನು ಎತ್ತಿ ಕಟ್ಟಿದ ಹೆಂಗಸೊಬ್ಬಳು ಒಬ್ಬಳೇ ನಿಂತಿದ್ದಳು.

“ಸೌಮ್ಯವ್ವನಾ? ಕಾಲ್ ಅದ್ಕಂಡ್ ಬಾ.”

ಒಳಗೆ ಸದ್ದಿರಲಿಲ್ಲ. ನಿನ್ನೆಯವರೆಗೆ ಮಳೆಯಂತೆ ಸುರಿದಿರಬೇಕಾದ ಮೇವಿನ ಸದ್ದು ನಿಂತು, ತಟ್ಟೆತಟ್ಟೆಯಲ್ಲೂ ಸಾವಿರಾರು ಹುಳುಗಳು ಏನನ್ನೋ ಹುಡುಕುತ್ತ ತಲೆ ಆಡಿಸುತ್ತಿದ್ದವು. ಚಿಕ್ಕಬೋರಮ್ಮ ಒಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಸಿರು ಹೋಗಿ, ಮೈಯೆಲ್ಲ ಜೇನು ತುಂಬಿದಂತೆ ಪಾರದರ್ಶಕವಾಗಿತ್ತು.

“ಇಂಗಿರೋದ್ನ ಎತ್ತು. ಅನ್ಮಾನ ಬಂದ್ರೆ ಅಲ್ಲೇ ಬುಡು, ಇನ್ನೊಂದ್ ಎಲೆ ತಿನ್ಲಿ.”

ಮೂಲೆಯಲ್ಲಿ ಗೋಡೆಗೊರಗಿ ಚಂದ್ರಿಕೆಗಳ ದೂಳು ಒರೆಸುತ್ತಿದ್ದ ಮುದುಕರು, ಚಿಕ್ಕಬೋರಮ್ಮನ ಗಂಡ ನಿಂಗಯ್ಯ. ಅವರ ಕಣ್ಣಿಗೆ ಪೊರೆ ಬಂದಿತ್ತು. “ನಂಗೆ ಅಣ್ಣೂ ಒಂದೇ, ಕಾಯೂ ಒಂದೇ ಕಣವ್ವ” ಎಂದರು. “ಅದ್ಕೇ ನಂಗೆ ಈ ಕೆಲ್ಸ ಕೊಟ್ಟವ್ಳೆ. ಇವ್ಳೂವೆ ಮದ್ವೆ ದಿಸದಿಂದ ನನ್ ಕಣ್ಗೆ ಒಂದೇ ತರ ಕಾಣ್ತಾವ್ಳೆ.”

“ವಯಸ್ಸಾದ್ರೂ ಬಾಯ್ಗೆ ಪೊರೆ ಬರನಿಲ್ಲ ನೋಡು” ಎಂದರು ಚಿಕ್ಕಬೋರಮ್ಮ.

ಎರಡು ಜೊತೆ ಕೈಗಳು ಎತ್ತಿದಷ್ಟೂ ಹುಳುಗಳು ಮುಗಿಯಲಿಲ್ಲ. ಸೌಮ್ಯ ಬಾಗಿಲ ಕಡೆ ನೋಡುವುದನ್ನು ತಡೆಯಲಾರದೆ ಹೋದಳು. ಚಿಕ್ಕಬೋರಮ್ಮ ಒಮ್ಮೆಯೂ ನೋಡಲಿಲ್ಲ. ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಹೊರಗೆ ಬೈಕಿನ ಸದ್ದಾಯಿತು. ಸಿದ್ದೇಶ್, ಅವನ ಹಿಂದೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತ ದಪ್ಪನೆಯ ಹೆಂಗಸು.

“ಮದ್ದೂರಲ್ಲಿ ನನ್ ಅಂಗ್ಡಿಗೇ ಬಂದ್ರು ಕಣಮ್ಮಿ, ‘ಇದು ದಿಟವಾ?’ ಅಂತ ಕೇಳಕ್ಕೆ” ಎಂದ ಸಿದ್ದೇಶ್. “ದಿಟ ಅಂದೆ. ‘ಅಂಗಾದ್ರೆ ಕರ್ಕಂಡ್ ನಡಿ, ನೋಡೇ ಬುಡ್ತೀನಿ’ ಅಂದ್ರು.”

ಆಕೆ ಕಾಲು ತೊಳೆದು ಒಳಗೆ ಬಂದು ಸೌಮ್ಯಳನ್ನು ಮೇಲಿಂದ ಕೆಳಗೆ ನೋಡಿದರು. “ನೀನೇನಾ ನನ್ ಬಾಗ್ಲಿಗ್ ಬಂದೋಳು? ನಾನು ಸೋಮಮ್ಮ.” ಸೌಮ್ಯ ತಟ್ಟೆಯ ಪಕ್ಕ ಜಾಗ ಬಿಟ್ಟಳು. ಸೋಮಮ್ಮ ಅಷ್ಟರಲ್ಲಾಗಲೇ ತಟ್ಟೆಗೆ ಬಾಗಿ, “ಅಯ್ಯೋ, ಚಿನ್ನದಂಗ್ ಅವೆ” ಎಂದು ಹುಳು ಎತ್ತತೊಡಗಿದ್ದರು.

ಸ್ವಲ್ಪ ಹೊತ್ತಿಗೆ ಬಸರಾಳಿನ ರಾಜೇಂದ್ರ ಹೆಂಡತಿಯೊಡನೆ ಬಂದರು. ಇಬ್ಬರೂ ಮಿತ ಮಾತಿನವರು. ಬಂದದ್ದೇ ಕೆಲಸಕ್ಕೆ ನಿಂತರು. ಮಧ್ಯಾಹ್ನ ಚಂದ್ರಿಕೆಗಳು ಸಾಲದೆ ಹೋದವು. ಹಣ್ಣಾದ ಹುಳುಗಳು ಬುಟ್ಟಿಯಲ್ಲಿ ಕಾಯುತ್ತಿರುವಾಗಲೇ ಗೂಡ್ಸ್ ಆಟೋವೊಂದು ಬಂದು ನಿಂತಿತು, ತುಂಬ ಚಂದ್ರಿಕೆಗಳು. ಚಾಲಕ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ: “ಮರಿಸಿದ್ದಯ್ಯೋರು ಬ್ಯಾರೇರ್ ಬಾಗ್ಲಲ್ಲಿ ಕರೆ ನೋಡಿ ಯೋಳವ್ರೆ. ‘ನಾನ್ ಬರಂಗಿಲ್ಲ, ನನ್ ಚಂದ್ರಂಕಿ ಬರ್ಬೋದಲ್ವಾ’ ಅಂತ ಕೇಳು ಅಂದ್ರು.”

ಎಲ್ಲರೂ ಚಿಕ್ಕಬೋರಮ್ಮನ ಮುಖ ನೋಡಿದರು. ಸಾವಿನ ಮನೆಯ ವಸ್ತು, ಹಣ್ಣಾದ ಹುಳು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬಕೆಟ್ಟಿನ ಬ್ಲೀಚಿಂಗ್ ನೀರನ್ನು ಎತ್ತಿ ಚಂದ್ರಿಕೆ ಚಂದ್ರಿಕೆಗೂ ಎರಚಿದರು. “ಈ ನೀರಿಗ್ ಸಾಯ್ದಿರೋ ಸೂತಕ ಯಾವುದೈತೆ? ಬಿಸ್ಲಿಗೆ ಮಡ್ಗಿ, ಒಣುಗ್ಸಿ, ತನ್ನಿ ಒಳೀಕೆ.”

ಹೊತ್ತು ಇಳಿಯುವ ಮುಂಚೆ ತಟ್ಟೆಗಳು ಖಾಲಿಯಾದವು. ಎಲ್ಲರೂ ಅಂಗಳದಲ್ಲಿ ಕುಳಿತು ಮುದ್ದೆ, ಕಾಳಿನ ಸಾರು ಉಂಡರು. ಸಂತೋಷ್ ಆಸ್ಪತ್ರೆಯಿಂದ ಫೋನು ಮಾಡಿದಾಗ ಚಿಕ್ಕಬೋರಮ್ಮ ಎಲ್ಲರಿಗೂ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ, “ಉಳನಾ? ಅದರ್ ಸುದ್ದಿ ಯಾಕ್ಲಾ ಈಗ? ಮಗ ಆಲು ಕುಡೀತಾ ಅದನ್ ಯೋಳು” ಎಂದು ಮಾತು ಮರೆಸಿದರು.

ಬುಧವಾರ ಮಧ್ಯಾಹ್ನ ಪರೀಕ್ಷಾಲಯದಲ್ಲಿ ಊಟದ ಡಬ್ಬಿ ತೆರೆಯುವಾಗ ಸೌಮ್ಯಳ ಫೋನು ಒಂದೇ ಸಮನೆ ಮಿಡಿಯತೊಡಗಿತು. ‘ಸದಸ್ಯ ೪೧೨’ ಮತ್ತೆ ಸಿಕ್ಕಿಬಿದ್ದಿದ್ದರು. ಬುಟ್ಟಿ ತುಂಬಿತ್ತು. ಚಿತ್ರವೊಂದಿತ್ತು: ಬೆಳ್ಳಗಿನ ಗೂಡುಗಳು ತುಂಬಿದ ಚಂದ್ರಿಕೆ, ಅದರ ಮುಂದೆ ಹಸುಗೂಸನ್ನು ಎದೆಗೊತ್ತಿಕೊಂಡು ನಿಂತ, ಅತ್ತು ಮುಖ ಊದಿದ ಹುಡುಗಿ. ‘ಸೋಮಮ್ಮಕ್ಕ ನನ್ ಸೊಸೆ ಬಂದ್ಲು. ಗೂಡು ನೋಡುದ್ಲು. ಒಂದ್ ಮಾತೂ ಆಡ್ನಿಲ್ಲ ನನ್ ಕೈ ಇಡ್ಕಂಡು ಅತ್ತುಬುಟ್ಲು. ಇದ್ನ ಯೋಳಣ ಅಂತ ಬಂದೆ.’ ರಾಜೇಂದ್ರಣ್ಣನಿಗೆ ಅದೇ, ಮುದ್ದಮ್ಮವ್ವನಿಗೆ ಅದೇ, ಬಾರದವರಿಗೂ ಅದೇ. ಮರಿಸಿದ್ದಯ್ಯನಿಗೆ ಮಾತ್ರ ಒಂದು ಸಾಲು ಹೆಚ್ಚು: ‘ಸೂತಕ ಕಳೀತಲ್ಲ ಈಗ ಕರೀತಿವ್ನಿ. ಮಗೀನ ತೊಟ್ಲಿಗ್ ಆಕಿ ಎಸ್ರಿಡೋ ದಿಸ ಬರ್ಲೇಬೇಕು.’

ಬುಟ್ಟಿಯ ಮೇಲ್ಭಾಗದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡುವ ಗುಂಡಿಯೊಂದಿತ್ತು. ಸೌಮ್ಯ ಅದನ್ನು ಒತ್ತಲಿಲ್ಲ. ಒಂದೊಂದನ್ನೇ ತೆರೆದು, ಓದಿ, ಒಳಗೆ ಬಿಡುತ್ತ ಹೋದಳು.

ಕೊನೆಯದು ಯಾವ ಚರ್ಚೆಗೂ ಸೇರಿರಲಿಲ್ಲ. ಸೌಮ್ಯ ವೇದಿಕೆಯಲ್ಲಿ ಎಂದೂ ಪ್ರಶ್ನೆ ಕೇಳಿದವಳಲ್ಲ. ಶನಿವಾರ ಹೊತ್ತು ತಂದ ಕರೆಗಳನ್ನು ಬಿಟ್ಟರೆ ಅವಳ ಹೆಸರಿನಲ್ಲಿದ್ದದ್ದು ನಿಯಮಗಳ ಪುಟವೊಂದೇ. ಚಿಕ್ಕಬೋರಮ್ಮ ಅದರ ಕೆಳಗೆ, ಒಂದೇ ಬರಹವನ್ನು ಹಲವು ಕಡೆ ಹಾಕಬಾರದೆಂಬ ಸಾಲಿಗೆ ಅಂಟಿಕೊಂಡಂತೆ ಬರೆದಿದ್ದರು:

‘ಸೌಮ್ಯವ್ವ ನಿನ್ ಬಾಗ್ಲು ಎಲ್ಲೈತೆ ಅಂತ ಉಡ್ಕಿ ಉಡ್ಕಿ ಸಾಕಾಯ್ತು. ಇಲ್ಲಿದ್ದೀಯ. ಎಸ್ರಿಡೋ ದಿಸ ಮುಂಚಿತ್ವಾಗ್ ಬಾ ಕೆಲ್ಸ ಐತೆ.’

ಆ ಪುಟದಲ್ಲಿ ಯಾರೂ ಏನೂ ಬರೆಯಬಾರದೆಂಬುದೂ ಅವಳದೇ ನಿಯಮ. ಸೌಮ್ಯ ಅದನ್ನು ಒಳಗೆ ಬಿಟ್ಟು, ಅದರ ಕೆಳಗೆ ‘ಬತ್ತೀನಿ ಕಣವ್ವ’ ಎಂದು ಬರೆದು, ಆರಿದ ಅನ್ನಕ್ಕೆ ಕೈ ಹಾಕಿದಳು.